ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ, ಪಾಲಿಸಿ ಪೂರ್ತಿ ಓದಿದೆ

ನಮ್ಮ ಕಡೆ ಹಳೆ ಕಾರು ನೋಡೋಕೆ ಹೋದವರು ಬಾನೆಟ್ ಎತ್ತಿ ನೋಡುತ್ತಾರೆ. ಟೈರಿನ ಸವೆತಕ್ಕೆ ಉಗುರು ಇಟ್ಟು ನೋಡುತ್ತಾರೆ. ಎಷ್ಟು ಕಿಲೋಮೀಟರ್ ಓಡಿದೆ, ಎಲ್ಲಾದರೂ ಗುದ್ದಿದೆಯಾ ಅಂತ ಹತ್ತು ಸಲ ಕೇಳುತ್ತಾರೆ. ಇನ್ಶೂರೆನ್ಸ್ ವಿಷಯಕ್ಕೆ ಬಂದಾಗ "ಐತಿಲ್ರಿ?" "ಐತ್ರಿ, ಮಾರ್ಚ್ ತನಕ ಐತಿ." ಅಲ್ಲಿಗೆ ಮಾತು ಮುಗಿಯುತ್ತದೆ. ಲಕ್ಷಗಟ್ಟಲೆ ಕೊಟ್ಟು ತಗೊಳ್ಳುವ ಗಾಡಿಯ ಜೊತೆ ಬರುವ ಅಷ್ಟು ಮುಖ್ಯವಾದ ಕಾಗದವನ್ನು ಯಾರೂ ತೆರೆದು ನೋಡುವುದಿಲ್ಲ ಅನ್ನೋದು ನನಗೆ ಬಹಳ ದಿನದಿಂದ ಇದ್ದ ಸಂಕಟ. ಅದಕ್ಕೊಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ನಾನಿರುವುದು ಕೊಪ್ಪಳದಲ್ಲಿ. ಶಾಲೆ ಇರುವುದು ಕುಕನೂರು ಕಡೆಯ ಒಂದು ಹಳ್ಳಿಯಲ್ಲಿ. ಬಸ್ಸಿನ ಟೈಮಿಗೂ ಶಾಲೆಯ ಗಂಟೆಗೂ ಹೊಂದಾಣಿಕೆ ಆಗುತ್ತಿರಲಿಲ್ಲ. ಬೈಕಿನಲ್ಲಿ ಓಡಾಡಿ ಬೆನ್ನು ಸೋತಿತ್ತು. 2024ರ ಡಿಸೆಂಬರಿನಲ್ಲಿ ಗಂಗಾವತಿಯ ಪರಿಚಯದ ಭತ್ತದ ವ್ಯಾಪಾರಿಯೊಬ್ಬರ ಹತ್ತಿರ ಸ್ವಿಫ್ಟ್ ಕಾರು ಮಾತಾಡಿದೆ. 2021ರ ಮಾರ್ಚ್‌ನಲ್ಲಿ ರಿಜಿಸ್ಟರ್ ಆದ ಪೆಟ್ರೋಲ್ ಗಾಡಿ, 1197 ಸಿಸಿ. ಬ್ಯಾಂಕ್ ಸಾಲ ತೀರಿತ್ತು, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರನ್ನೂ ತೆಗೆಸಿದ್ದರು. ರೇಟು ಕುದುರಿದ ಮೇಲೆ ನಾನು ಪಾಲಿಸಿ ಕೇಳಿದೆ. ಸಾಹುಕಾರರು ಫೋನಿನಲ್ಲಿದ್ದ ಪಿಡಿಎಫ್ ಕಳಿಸಿದರು. ಅವರ ಪಡಸಾಲೆಯಲ್ಲೇ ಕೂತು ಮೊದಲಿಂದ ಕೊನೆವರೆಗೆ ಓದಿದೆ. ಚಹಾ ಎರಡು ಸಲ ಬಂತು.

ಓದಿದ ಮೇಲೆ ಗೊತ್ತಾಗಿದ್ದು ಇದು. ಪಾಲಿಸಿಯಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದ್ರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಸಾವು, ಗಾಯ, ನಷ್ಟಕ್ಕೆ. ಇನ್ನೊಂದು ಓನ್ ಡ್ಯಾಮೇಜ್, ನಮ್ಮ ಗಾಡಿಗೇ ಆದ ಹಾನಿ, ಕಳವು, ಬೆಂಕಿ ಇಂಥವಕ್ಕೆ. ಎರಡೂ ಸೇರಿದ್ದನ್ನ ನಮ್ಮಲ್ಲಿ ಫುಲ್ ಇನ್ಶೂರೆನ್ಸ್ ಅಂತಾರೆ, ಕೆಲವರು ಫಸ್ಟ್ ಪಾರ್ಟಿ ಅಂತಾರೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಮಾಡಿಸಬೇಕು, ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಬಂದ ನಿಯಮ ಅದು. ಸಾಹುಕಾರರ ಗಾಡಿಗೆ ಆ ಮೂರು ವರ್ಷ 2024ರ ಮಾರ್ಚ್‌ಗೆ ಮುಗಿದಿತ್ತು. ಆಮೇಲೆ ಒಂದು ವರ್ಷಕ್ಕೆ ಫುಲ್ ಇನ್ಶೂರೆನ್ಸ್ ಮಾಡಿಸಿದ್ದರು. ನನಗೆ ಗಾಡಿ ಸಿಗುವಾಗ ಅದರಲ್ಲಿ ಇನ್ನೂ ಮೂರು ತಿಂಗಳ ಅವಧಿ ಉಳಿದಿತ್ತು.

"ಹಂಗಾರ ಮಾರ್ಚ್ ತನಕ ಚಿಂತಿ ಇಲ್ಲ ಬಿಡ್ರಿ ಸರ" ಅಂದರು ಸಾಹುಕಾರರು.

ಚಿಂತೆ ಇರುವುದೇ ಆ ಮೂರು ತಿಂಗಳಲ್ಲಿ. ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ ಗಾಡಿ ಮಾರಿದಾಗ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿಯೇ ಹೊಸ ಮಾಲೀಕನಿಗೆ ವರ್ಗವಾಗುತ್ತದೆ. ಆದ್ರೆ ಓನ್ ಡ್ಯಾಮೇಜ್ ಭಾಗ ಹಾಗೆ ಬರುವುದಿಲ್ಲ. ಅದು ಕಂಪನಿಗೂ ಹಳೆ ಮಾಲೀಕನಿಗೂ ಆದ ಒಪ್ಪಂದ. ಪಾಲಿಸಿ ನನ್ನ ಹೆಸರಿಗೆ ಆಗದೆ ನಾನು ಗಾಡಿ ಗುದ್ದಿದರೆ ರಿಪೇರಿ ದುಡ್ಡು ಕೇಳೋಕೆ ನನಗೂ ಬರುವುದಿಲ್ಲ, ಅವರಿಗೂ ಬರುವುದಿಲ್ಲ. ಗಾಡಿ ಅವರದಲ್ಲ, ಪಾಲಿಸಿ ನನ್ನದಲ್ಲ. ಹೊಸ ಮಾಲೀಕ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ.

ಸಾಹುಕಾರರಿಗೂ ಒಂದು ಮಾತು ಹೇಳಿದೆ. ಆರ್‌ಸಿ ನನ್ನ ಹೆಸರಿಗೆ ಆಗುವ ತನಕ ಕಾನೂನಿನ ಕಣ್ಣಲ್ಲಿ ಮಾಲೀಕರು ಅವರೇ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತ ಆದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ. ಇದನ್ನ ಕೇಳಿದ ಮೇಲೆ ಅವರೇ ಗಡಿಬಿಡಿ ಮಾಡಿದರು. ಮರುದಿನವೇ ಕೊಪ್ಪಳಕ್ಕೆ ಬಂದು ಆರ್‌ಸಿಯಲ್ಲಿ ಹೆಸರು ಬದಲಿಸುವ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿದರು. ಎಷ್ಟೋ ಜನ ಖಾಲಿ ಫಾರಂಗೆ ಸಹಿ ಮಾಡಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಆ ಗಾಡಿ ನಾಲ್ಕು ಊರು ಸುತ್ತುತ್ತದೆ, ಹೆಸರು ಮಾತ್ರ ಮೊದಲಿನವರದೇ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಆರ್‌ಟಿಓ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಗಾವತಿಯೂ ಕೊಪ್ಪಳವೂ ಒಂದೇ ಕೆಎ 37, ಹಾಗಾಗಿ ಬೇರೆ ಆರ್‌ಟಿಓಗೆ ಹೋಗುವಾಗ ಬೇಕಾಗುವ ಒಪ್ಪಿಗೆ ಪತ್ರದ (ಎನ್‌ಓಸಿ) ಗೋಜು ಇರಲಿಲ್ಲ. ಆನ್‌ಲೈನ್ ಅರ್ಜಿ, ಶುಲ್ಕ, ಕಾಗದ ಕೊಟ್ಟು ಬಂದಿದ್ದು, ಅಷ್ಟೇ.

ಇನ್ಶೂರೆನ್ಸ್ ಆಫೀಸಿನಲ್ಲಿ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಕೌಂಟರಿನಲ್ಲಿದ್ದವರು "ಮೂರು ತಿಂಗಳ ಸಲುವಾಗಿ ಯಾಕ ತ್ರಾಸ ತಗೋತೀರಿ, ರಿನ್ಯೂವಲ್‌ನಾಗ ಹೆಸರು ಬದಲು ಮಾಡೋಣಂತ" ಅಂದರು. ನಾನು ಒಪ್ಪಲಿಲ್ಲ. ಆ ಮೂರು ತಿಂಗಳೂ ದಿನಾ ಹೈವೇ ಮೇಲೆ ಓಡಾಡುವವನು ನಾನು. ಅರ್ಜಿ, ಫಾರಂ 29 ಮತ್ತು 30ರ ಪ್ರತಿ, ಆರ್‌ಟಿಓ ರಸೀದಿ, ಸಾಹುಕಾರರ ಒಪ್ಪಿಗೆ ಪತ್ರ ಎಲ್ಲಾ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಈಮೇಲ್ ಕೂಡ ಹಾಕಿದೆ. ಆರ್‌ಸಿ ಬಂದ ಮೇಲೆ ಅದರ ಪ್ರತಿ ಕೊಟ್ಟೆ. ಒಬ್ಬ ಹುಡುಗ ಬಂದು ಗಾಡಿಯ ನಾಲ್ಕೂ ಕಡೆ ಫೋಟೋ ಹೊಡೆದುಕೊಂಡು ಹೋದ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವರ್ಷಾನುಗಟ್ಟಲೆ ಕ್ಲೇಮ್ ಮಾಡದವರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಗೆ ನೋ ಕ್ಲೇಮ್ ಬೋನಸ್ ಅಂತಾರೆ. ಮೊದಲ ವರ್ಷ 20%, ಆಮೇಲೆ 25, 35, 45, ಕೊನೆಗೆ 50%. ಸಾಹುಕಾರರಿಗೆ 35% ಸಿಕ್ಕಿತ್ತು. ಈ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಪಾಲಿಸಿ ಮಾಡಿಸಿದ ಮನುಷ್ಯನ ಜೊತೆ ಹೋಗುತ್ತದೆ. ಪಾಲಿಸಿ ನನ್ನ ಹೆಸರಿಗೆ ಮಾಡುವಾಗ ಉಳಿದ ಮೂರು ತಿಂಗಳಿಗೆ ಆ 35% ಲೆಕ್ಕ ಹಾಕಿ, ಏಳುನೂರು ಚಿಲ್ಲರೆ ರೂಪಾಯಿ, ಅದರ ಮೇಲೆ ಜಿಎಸ್‌ಟಿ ನನ್ನಿಂದ ಕಟ್ಟಿಸಿಕೊಂಡರು. ಅದು ಸರಿಯಾದದ್ದೇ. ಸಾಹುಕಾರರಿಗೆ ಕಂಪನಿಯಿಂದ ಬೋನಸ್ ಉಳಿಸಿಕೊಂಡ ಪತ್ರ ತಗೊಳ್ಳಿ ಅಂತ ಹೇಳಿದೆ. ಮೂರು ವರ್ಷದೊಳಗೆ ಬೇರೆ ಕಾರು ತಗೊಂಡರೆ ಅದಕ್ಕೆ ಆ ರಿಯಾಯಿತಿ ಬಳಸಬಹುದು. ಅವರಾಗಲೇ ದೊಡ್ಡ ಗಾಡಿ ಬುಕ್ ಮಾಡಿದ್ದರು. ಹೊಸ ಗಾಡಿಯ ಓನ್ ಡ್ಯಾಮೇಜ್ ಪ್ರೀಮಿಯಂ ದೊಡ್ಡದು, ಅದರಲ್ಲಿ 35% ಅಂದ್ರೆ ಸಣ್ಣ ಮಾತಲ್ಲ. ಶೋರೂಮಿನವರು ಅದನ್ನ ಅವರಿಗೆ ಹೇಳಿಯೇ ಇರಲಿಲ್ಲ.

ಈಗ ನನ್ನ ಸಂಕಟದ ವಿಷಯ.

ಕೆಲವು ವರ್ಷದ ಹಿಂದೆ ನನ್ನ ತರಗತಿಯ ಒಬ್ಬ ಹುಡುಗನ ತಂದೆ ಸಂಜೆ ಹೊಲದಿಂದ ನಡೆದು ಬರುವಾಗ ಒಂದು ಗಾಡಿ ಗುದ್ದಿ ತೀರಿಕೊಂಡರು. ಗುದ್ದಿದವನು ಓಡಿ ಹೋಗಲಿಲ್ಲ, ಅವನೇ ಆಸ್ಪತ್ರೆಗೆ ತಂದ. ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ. ಮನೆಯವರು ಅಪಘಾತ ಪರಿಹಾರದ ಕೇಸು ಹಾಕಿದರು. ಕೋರ್ಟು ಪರಿಹಾರ ಕೊಡಬೇಕು ಅಂತ ಆದೇಶವನ್ನೂ ಮಾಡಿತು. ಇನ್ಶೂರೆನ್ಸ್ ಇದ್ದಿದ್ದರೆ ಆ ಹಣ ಕಂಪನಿ ಕೊಡಬೇಕಿತ್ತು. ಇಲ್ಲದ ಕಾರಣ ಮಾಲೀಕನೇ ಕೊಡಬೇಕು. ಅವನ ಹೆಸರಲ್ಲಿ ಇದ್ದದ್ದು ಆ ಗಾಡಿ ಒಂದೇ. ಆದೇಶದ ಪ್ರತಿ ಆ ತಾಯಿಯ ಟ್ರಂಕಿನಲ್ಲಿ ಇದೆ, ದುಡ್ಡು ಬರಲಿಲ್ಲ. ಹುಡುಗ ಎಂಟನೇ ತರಗತಿಗೆ ಶಾಲೆ ಬಿಟ್ಟ. ಅವನನ್ನ ಮತ್ತೆ ಶಾಲೆಗೆ ಕರೆತರೋಕೆ ಅವರ ಮನೆಗೆ ಹೋದಾಗ ಆ ತಾಯಿ ಕಾಗದ ಬಿಚ್ಚಿ ತೋರಿಸಿ "ಇದರಾಗ ಏನು ಬರೆದಾರ ಒಂದ್ಸಲ ಓದಿ ಹೇಳ್ರಿ ಸರ" ಅಂದರು. ನಾನು ಓದಿ ಹೇಳಿದೆ. ರೊಕ್ಕದ ಅಂಕಿ ಬಂದಾಗ ನನ್ನ ದನಿ ನಿಂತು ಹೋಯಿತು.

ಅದಕ್ಕೇ ಯಾರಾದರೂ "ಥರ್ಡ್ ಪಾರ್ಟಿ ಸುಮ್ನೆ ಪೊಲೀಸರ ಸಲುವಾಗಿ" ಅಂದ್ರೆ ನನಗೆ ತಡೆಯೋಕಾಗಲ್ಲ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮತ್ತೆ ಸಿಕ್ಕಿದರೆ ದಂಡ 4,000. ಇದು ಕಾಯ್ದೆಯಲ್ಲಿದೆ, ಸರಿ. ಆದರೆ 1000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕಿಂತ ದೊಡ್ಡದಕ್ಕೆ 7,897. 2022ರ ಜೂನ್ 1ರಿಂದ ಬಂದ ದರ ಇದು. ಸರ್ಕಾರವೇ ನಿಗದಿ ಮಾಡಿದ್ದು, ಯಾವ ಕಂಪನಿಗೆ ಹೋದರೂ ಒಂದೇ. ಮೇಲೆ 18% ಜಿಎಸ್‌ಟಿ. ಇಷ್ಟು ಕಟ್ಟಿದರೆ ನಮ್ಮ ಗಾಡಿಯಿಂದ ಯಾರಾದರೂ ಸತ್ತರೆ ಅಥವಾ ಗಾಯಗೊಂಡರೆ ಕೋರ್ಟು ಎಷ್ಟು ಪರಿಹಾರ ಹೇಳುತ್ತದೋ ಅಷ್ಟನ್ನೂ ಕಂಪನಿ ಕೊಡುತ್ತದೆ. ಅದಕ್ಕೆ ಮೇಲ್ಮಿತಿ ಇಲ್ಲ. ಬೇರೆಯವರ ಆಸ್ತಿಗೆ ಆದ ನಷ್ಟಕ್ಕೆ ಮಾತ್ರ 7.5 ಲಕ್ಷದ ಮಿತಿ ಇದೆ. ಆ ಹುಡುಗನ ಮನೆಗೂ ಪರಿಹಾರಕ್ಕೂ ನಡುವೆ ಇದ್ದದ್ದು ಒಂದು ವರ್ಷದ ಪ್ರೀಮಿಯಮ್ಮಿನಷ್ಟೇ ದುಡ್ಡು.

2025ರ ಮಾರ್ಚ್‌ಗೆ ರಿನ್ಯೂವಲ್ ಬಂತು. ಥರ್ಡ್ ಪಾರ್ಟಿ ಕಡ್ಡಾಯ, ಅದರಲ್ಲಿ ಯೋಚಿಸುವುದೇನಿಲ್ಲ. ನಾಲ್ಕು ವರ್ಷದ ಗಾಡಿಗೆ ಓನ್ ಡ್ಯಾಮೇಜೂ ಬೇಕಾ ಅನ್ನುವುದು ಪ್ರಶ್ನೆ. ಮನೆಯಲ್ಲಿ "ಹಳೆ ಗಾಡಿಗೆ ಯಾಕೆ ಅಷ್ಟು ರೊಕ್ಕ" ಅಂದರು. ನನ್ನ ತೀರ್ಮಾನ ಆಗಿದ್ದು ಗಾಡಿಯ ಲೆಕ್ಕದಿಂದ ಅಲ್ಲ, ಪಕ್ಕದ ಸೀಟಿನ ಲೆಕ್ಕದಿಂದ. ನಮ್ಮ ಶಾಲೆಯ ಇಬ್ಬರು ಟೀಚರು ನನ್ನ ಜೊತೆಗೇ ಬರುತ್ತಾರೆ. ಸ್ವಂತ ಬಳಕೆಯ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಾರಿನ ಒಳಗೆ ಕೂತವರಿಗೆ ಅದು ಅನ್ವಯಿಸುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಪರಿಹಾರ ಇದೆ, ನಮ್ಮ ಪಕ್ಕದಲ್ಲಿ ಕೂತವರಿಗೆ ಇಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಅವರೂ ಸೇರುತ್ತಾರೆ. ಈ ವ್ಯತ್ಯಾಸವನ್ನ ಸುಪ್ರೀಂ ಕೋರ್ಟ್ 2012ರಲ್ಲಿ ಬಿಡಿಸಿ ಹೇಳಿದೆ. ಅಕ್ಕ ತಂಗಿಯರ ಹಾಗೆ ನಂಬಿ ನನ್ನ ಗಾಡಿ ಹತ್ತುವವರನ್ನ ಆ ಸ್ಥಿತಿಯಲ್ಲಿ ಕರೆದುಕೊಂಡು ಹೋಗೋಕೆ ನನಗೆ ಮನಸ್ಸಾಗಲಿಲ್ಲ. ಮನೆಯವರಿಗೂ ಇದನ್ನೇ ಹೇಳಿದೆ, ಅವರೂ ಆ ಗಾಡಿಯಲ್ಲೇ ಕೂರುವವರು ತಾನೆ. ಆಮೇಲೆ ಮಾತು ಬರಲಿಲ್ಲ.

ಇದಕ್ಕೇ ಸೇರಿದ ಇನ್ನೊಂದು. ಟೀಚರಿಬ್ಬರೂ ತಿಂಗಳಿಗೆ ಇಷ್ಟು ಅಂತ ಪೆಟ್ರೋಲಿಗೆ ಕೊಡುತ್ತೇವೆ ಅಂದರು. ನಾನು ಬೇಡ ಅಂದೆ. ಗಾಡಿಯನ್ನು ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸಬಾರದು ಅಂತ ಪಾಲಿಸಿಯಲ್ಲೇ ಬರೆದಿದೆ. ನಾಳೆ ಏನಾದರೂ ಆದಾಗ ಆ ತಿಂಗಳ ದುಡ್ಡು ಬಾಡಿಗೆಯಾ, ಸ್ನೇಹಕ್ಕೆ ಕೊಟ್ಟಿದ್ದಾ ಅಂತ ವಾದ ಆಗೋದು ಯಾಕೆ? ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ಅಂಜನಾದ್ರಿ, ಆನೆಗೊಂದಿ ಕಡೆ ಪ್ರವಾಸಿಗರು ಜಾಸ್ತಿ ಆದಂತೆ ವೈಟ್ ಬೋರ್ಡ್ ಕಾರುಗಳು ಬಾಡಿಗೆಗೆ ಓಡುವುದೂ ಜಾಸ್ತಿ ಆಗಿದೆ. ಓಣಿಯ ಹುಡುಗನೊಬ್ಬ "ಸರ, ಶನಿವಾರ ಭಾನುವಾರ ಗಾಡಿ ಸುಮ್ನೆ ನಿಂತಿರ್ತೈತಿ, ಕೊಡ್ರಿ, ಬಂದ ಬಾಡಿಗಿ ಅರ್ಧ ಅರ್ಧ" ಅಂತ ಕೇಳಿದ. ಅವನನ್ನ ಕೂರಿಸಿಕೊಂಡು ಪಾಲಿಸಿಯ ಆ ಸಾಲು ಓದಿಸಿದೆ. ಬಾಡಿಗೆಗೆ ಓಡುವಾಗ ಅಪಘಾತ ಆದರೆ ಕಂಪನಿ ಕೈ ಎತ್ತಬಹುದು. ಗುದ್ದಿಸಿಕೊಂಡವರು, ಕೂತವರು, ಓಡಿಸಿದವನು, ಮಾಲೀಕ, ಎಲ್ಲರೂ ನಡುನೀರಲ್ಲಿ. ಲೈಸೆನ್ಸ್ ಇರುವ ಗೆಳೆಯ ಕಾರು ಕೇಳಿದರೆ ಕೊಡಬಹುದು, ಅದಕ್ಕೆ ಅಡ್ಡಿ ಇಲ್ಲ. ಬಾಡಿಗೆ ದುಡಿಮೆ ಬೇಕು ಅಂದ್ರೆ ಯೆಲ್ಲೋ ಬೋರ್ಡ್ ಮಾಡಿಸಿ, ಅದಕ್ಕೆ ತಕ್ಕ ಪಾಲಿಸಿ ತಗೊಂಡೇ ಮಾಡಬೇಕು. ಗ್ಯಾಸ್ ಕಿಟ್ ಕೂಡಿಸಿದವರೂ ಅಷ್ಟೇ, ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಅದನ್ನ ನಮೂದಿಸಲೇಬೇಕು.

ಬೇರೆ ಬೇರೆ ಕಂಪನಿಗಳ ರೇಟು ತರಿಸಿದಾಗ ಒಂದಕ್ಕೂ ಇನ್ನೊಂದಕ್ಕೂ ಸಾವಿರಾರು ರೂಪಾಯಿ ಫರಕು ಇತ್ತು. ಥರ್ಡ್ ಪಾರ್ಟಿ ಎಲ್ಲಾ ಕಡೆ ಒಂದೇ ಅಂದ್ಮೇಲೆ ಫರಕು ಎಲ್ಲಿಂದ ಬಂತು ಅಂತ ಹುಡುಕಿದೆ. ಮೊದಲನೆಯದು ಐಡಿವಿ, ಅಂದ್ರೆ ಕಂಪನಿ ಒಪ್ಪಿಕೊಳ್ಳುವ ಗಾಡಿಯ ಬೆಲೆ. ಗಾಡಿ ಕಳವಾದರೆ ಅಥವಾ ರಿಪೇರಿ ಖರ್ಚು ಆ ಬೆಲೆಯ 75% ದಾಟಿದರೆ ಕೈಗೆ ಬರುವ ದುಡ್ಡು ಅದರ ಮೇಲೆ ನಿಂತಿರುತ್ತದೆ. ಹೊಸ ಗಾಡಿಯ ಬೆಲೆಯಲ್ಲಿ ವರ್ಷ ಕಳೆದಂತೆ ಇಷ್ಟಿಷ್ಟು ಅಂತ ಕಡಿಮೆ ಮಾಡುತ್ತಾರೆ. ನಾಲ್ಕು ವರ್ಷ ದಾಟಿದ ಗಾಡಿಗೆ ಸಾಮಾನ್ಯವಾಗಿ 50% ಕಳೆಯುತ್ತಾರೆ. ಐದು ವರ್ಷ ದಾಟಿದರೆ ಮಾತುಕತೆ ಮೇಲೆ. ನನಗೆ ಬಂದ ರೇಟುಗಳಲ್ಲಿ ಐಡಿವಿ 3.2 ಲಕ್ಷದಿಂದ 3.9 ಲಕ್ಷದ ತನಕ ಇತ್ತು. ಎಲ್ಲಕ್ಕಿಂತ ಅಗ್ಗದ ಪ್ರೀಮಿಯಂ ಇದ್ದದ್ದು 3.2 ಲಕ್ಷದ್ದೇ. ಅಂದ್ರೆ ಅಗ್ಗ ಆಗಿದ್ದು ನನ್ನ ಗಾಡಿಯ ಬೆಲೆ. ನಾನು 3.7 ಲಕ್ಷಕ್ಕೆ ಮಾಡಿಸಿದೆ, ಮಾರ್ಕೆಟ್ಟಿನಲ್ಲಿ ಆ ಗಾಡಿಗೆ ಬರುವ ಬೆಲೆಗೆ ಅದೇ ಹತ್ತಿರ ಅನ್ನಿಸಿತು.

ಎರಡನೆಯದು ಸ್ವಂತ ಪಾಲು. 1500 ಸಿಸಿ ತನಕದ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ನಾವೇ ಹಾಕಬೇಕು, ಅದು ಕಡ್ಡಾಯ. ಒಬ್ಬ ಏಜೆಂಟರು ಕಳಿಸಿದ ಕೋಟೇಶನ್ನಿನಲ್ಲಿ ಇದರ ಜೊತೆ ಇನ್ನೂ 5,000 ರೂಪಾಯಿ ಸ್ವಂತ ಪಾಲು ಸೇರಿತ್ತು. ಪ್ರೀಮಿಯಂ ಕಡಿಮೆ ಕಾಣಲಿ ಅಂತ ಮಾಡಿದ್ದು, ನನಗೆ ಹೇಳಿರಲಿಲ್ಲ. ಕೇಳಿದಾಗ "ಎಲ್ಲಾರೂ ರೇಟ್ ಅಷ್ಟೇ ಕೇಳ್ತಾರ್ರೀ" ಅಂದರು. ಅವರ ಮಾತೂ ಸುಳ್ಳಲ್ಲ. ಆದರೂ ಹೇಳಬೇಕಿತ್ತು. ಅವರ ಹತ್ತಿರ ಮಾಡಿಸಲಿಲ್ಲ.

ಝೀರೋ ಡೆಪ್ ಬೇಕಾ ಬೇಡವಾ ಅಂತ ಬಹಳ ಯೋಚಿಸಿದೆ. ಇದನ್ನೇ ಬಂಪರ್ ಟು ಬಂಪರ್ ಅಂತಲೂ ಕರೆಯುತ್ತಾರೆ. ಇದು ಇಲ್ಲದ ಪಾಲಿಸಿಯಲ್ಲಿ ಬದಲಿಸಿದ ಬಿಡಿಭಾಗದ ಪೂರ್ತಿ ಬೆಲೆ ಸಿಗುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ 50% ಕಡಿತ. ಫೈಬರ್‌ಗೆ 30%. ತಗಡಿನ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ, ನಾಲ್ಕರಿಂದ ಐದು ವರ್ಷದ ಗಾಡಿಗೆ 35%. ಗಾಜಿಗೆ ಮಾತ್ರ ಕಡಿತ ಇಲ್ಲ. ಈಗಿನ ಕಾರಿನ ಮುಂದೆ ಹಿಂದೆ ಎಲ್ಲಾ ಪ್ಲಾಸ್ಟಿಕ್ಕೇ ಅಲ್ವಾ? ಸುಗ್ಗಿ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ರಾತ್ರಿ ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಹೋಗುತ್ತವೆ. ಕುರಿ ಹಿಂಡು ದಿಢೀರನೆ ಎದುರಾಗುತ್ತದೆ. ರಸ್ತೆ ಮೇಲೇ ರಾಶಿ ಒಣಗಿಸುತ್ತಾರೆ. ಬಂಪರ್ ಒಡೆಯುವ ಸಂಭವ ಇಲ್ಲಿ ಹೆಚ್ಚು. ಹಾಗಾಗಿ ತಗೊಂಡೆ. ನನ್ನ ಪಾಲಿಸಿಯಲ್ಲಿ ಇದು ವರ್ಷಕ್ಕೆ ಎರಡು ಕ್ಲೇಮಿಗೆ ಮಾತ್ರ.

ಎಂಜಿನ್ ರಕ್ಷಣೆಯ ಆಡ್‌-ಆನ್, ಅಂದ್ರೆ ಬೇರೆ ದುಡ್ಡು ಕಟ್ಟಿ ಪಾಲಿಸಿಗೆ ಸೇರಿಸುವ ರಕ್ಷಣೆ, ಅದನ್ನೂ ತಗೊಂಡೆ. ಮಳೆಗಾಲದಲ್ಲಿ ಹಳ್ಳ ಬಂದು ರಸ್ತೆ ಮೇಲೆ ನೀರು ಹರಿಯುವುದು ನಮಗೆ ಹೊಸದಲ್ಲ. ನೀರಲ್ಲಿ ಗಾಡಿ ನಿಂತು, ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಸಾದಾ ಪಾಲಿಸಿಯಲ್ಲಿ ಅದಕ್ಕೆ ದುಡ್ಡು ಸಿಗುವುದಿಲ್ಲ. ಆಡ್‌-ಆನ್ ಇದ್ದರೂ ಸರಿ, ನೀರಲ್ಲಿ ನಿಂತ ಗಾಡಿಯನ್ನ ಸ್ಟಾರ್ಟ್ ಮಾಡಲೇಬೇಡಿ. ತಳ್ಳಿ ಹೊರಗೆ ತನ್ನಿ, ಟೋ ಮಾಡಿಸಿ. ಇನ್‌ವಾಯ್ಸ್ ಬೆಲೆ ವಾಪಸ್ ಕೊಡುವ ಆಡ್‌-ಆನ್ ಹೊಸ ಗಾಡಿಯವರಿಗೆ, ನನಗೆ ಬೇಕಿರಲಿಲ್ಲ. ಕೀಲಿ ಕಳೆದರೆ, ಟೈರ್ ಹೋದರೆ ಅನ್ನುವವನ್ನೆಲ್ಲಾ ಬಿಟ್ಟೆ.

ಮಾಲೀಕನೇ ಓಡಿಸುವಾಗ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಸಿಗುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯವಾಗಿ ಬರುತ್ತದೆ. ಬೇರೆ ಕಡೆ ಅಷ್ಟೇ ಮೊತ್ತದ ಅಪಘಾತ ವಿಮೆ ಮೊದಲೇ ಇದ್ದರೆ ಬರೆದುಕೊಟ್ಟು ಇದನ್ನ ಬಿಡಬಹುದು. ಬೈಕೂ ಕಾರೂ ಇರುವವರು ಎರಡಕ್ಕೂ ಕಟ್ಟಬೇಕಿಲ್ಲ. ಇದು ಆಸ್ಪತ್ರೆ ಬಿಲ್ಲಿಗಲ್ಲ ಅನ್ನೋದು ನೆನಪಿರಲಿ. ನನ್ನ ಹೆಂಡತಿಯೂ ಕಾರು ಓಡಿಸುತ್ತಾಳೆ. ಗಾಡಿ ನನ್ನ ಹೆಸರಲ್ಲಿ ಇರುವುದರಿಂದ ಈ 15 ಲಕ್ಷ ಅವಳಿಗೆ ಅನ್ವಯಿಸುವುದಿಲ್ಲ. ಅವಳ ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆ, 2 ಲಕ್ಷದ್ದು. ಬೇರೊಂದು ಅಪಘಾತ ಪಾಲಿಸಿಯನ್ನೂ ನೋಡುತ್ತಿದ್ದೇವೆ. ಕಾರಿನಲ್ಲಿ ಕೂತವರಿಗೆ ತಲಾ 2 ಲಕ್ಷದವರೆಗೆ ಅಪಘಾತ ವಿಮೆ ಸೇರಿಸುವ ಅವಕಾಶ ಇತ್ತು, ಅದನ್ನ ಮರುಮಾತಿಲ್ಲದೆ ಸೇರಿಸಿದೆ.

ಕ್ಲೇಮ್ ಮಾಡುವ ಪ್ರಸಂಗ ಬೇಗನೇ ಬಂತು. ಮೇ ತಿಂಗಳ ಬಿಸಿಲು. ಹೊಸಪೇಟೆಯಿಂದ ವಾಪಸ್ ಬರುವಾಗ ಗಿಣಿಗೇರಾ ಹತ್ತಿರ ಮುಂದೆ ಖಡಿ ತುಂಬಿದ ಟಿಪ್ಪರ್ ಹೋಗುತ್ತಿತ್ತು. ಮೇಲೆ ತಾಡಪತ್ರಿ ಇರಲಿಲ್ಲ. ದೂರ ಉಳಿಯೋಣ ಅಂತ ನಿಧಾನ ಮಾಡುವಷ್ಟರಲ್ಲಿ ಟಕ್ ಅಂತ ಸದ್ದಾಯಿತು. ಮುಂದಿನ ಗಾಜಿನ ಎಡಗಡೆ ಅವರೆಕಾಳಿನಷ್ಟು ಕಲೆ. ಅದರಿಂದ ಎರಡು ಸಣ್ಣ ಗೆರೆ. ಒಳಗೆ ಏಸಿ ತಂಪು, ಹೊರಗೆ ಕೆಂಡದಂಥ ಬಿಸಿಲು. ಕೊಪ್ಪಳ ಮುಟ್ಟುವಷ್ಟರಲ್ಲಿ ಒಂದು ಗೆರೆ ಗೇಣುದ್ದ ಬೆಳೆದಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಗಾಜಿನ ಅರ್ಧಕ್ಕೆ ಬಂದಿತ್ತು.

ಗಾಜು ಬದಲಿಸಲೇಬೇಕು. ಕ್ಲೇಮ್ ಮಾಡಬೇಕಾ, ಕೈಯಿಂದ ಹಾಕಬೇಕಾ? ಒಂದು ಹಾಳೆ ತಗೊಂಡು ಲೆಕ್ಕ ಬರೆದೆ. ಒಂದು ಕ್ಲೇಮ್ ಮಾಡಿದರೂ ಮುಂದಿನ ವರ್ಷ ನೋ ಕ್ಲೇಮ್ ಬೋನಸ್ ಸೊನ್ನೆಗೆ ಬರುತ್ತದೆ. ಬೋನಸ್ ಉಳಿಸುವ ಆಡ್‌-ಆನ್ ನಾನು ತಗೊಂಡಿರಲಿಲ್ಲ. ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ ಸುಮಾರು 7,000. ನನಗಿನ್ನೂ ಬೋನಸ್ ಶುರುವೇ ಆಗಿರಲಿಲ್ಲ. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸಿಗಬೇಕಿದ್ದ 20% ಹೋಗುತ್ತದೆ, ಆಮೇಲಿನ ವರ್ಷಗಳಲ್ಲಿ ಒಂದು ಮೆಟ್ಟಿಲು ಹಿಂದೆ ಉಳಿಯುತ್ತೇನೆ. 50% ಮುಟ್ಟುವ ತನಕ ಎಲ್ಲಾ ಕೂಡಿಸಿದರೆ ಹೆಚ್ಚೂಕಡಿಮೆ ಒಂದು ವರ್ಷದ ಪ್ರೀಮಿಯಮ್ಮಿನ ಅರ್ಧ, 3,500. ಗಾಜಿನ ಅಂದಾಜು ಬಿಲ್ಲು ಎಂಟು ಸಾವಿರದ ಮೇಲಿತ್ತು. ಕ್ಲೇಮ್ ಮಾಡುವುದೇ ಸರಿ. ಆದರೆ ಆಗಲೇ 50% ಬೋನಸ್ ಇರುವವರ ಲೆಕ್ಕ ಬೇರೆ. ಅವರು 50ರಿಂದ ಸೊನ್ನೆಗೆ ಬಿದ್ದು ಮತ್ತೆ 20, 25, 35, 45 ಅಂತ ಹತ್ತಬೇಕು. ಅಷ್ಟೂ ವರ್ಷ ಕೂಡಿಸಿದರೆ ಅದೇ 7,000ಕ್ಕೆ 8,750 ಕಳೆದುಕೊಂಡ ಹಾಗೆ. ಅಂಥವರು ಇದೇ ಗಾಜನ್ನ ಕೈಯಿಂದ ಹಾಕಿಸುವುದೇ ಒಳ್ಳೆಯದು.

ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಂಡೆ. ತಿಳಿಸುವ ಮೊದಲು ಗಾಡಿ ಬಿಚ್ಚಬಾರದು, ರಿಪೇರಿ ಮಾಡಿಸಬಾರದು. ಒಡೆದ ಗಾಜು, ನಂಬರ್ ಪ್ಲೇಟು, ಚಾಸಿ ನಂಬರ್ ಎಲ್ಲಾ ಹಗಲ ಬೆಳಕಲ್ಲೇ ಫೋಟೋ ತೆಗೆದಿದ್ದೆ. ಗಾಜಿಗೆ ಎಫ್‌ಐಆರ್ ಬೇಕಿಲ್ಲ. ಕಳವಾದರೆ, ಯಾರಿಗಾದರೂ ಪೆಟ್ಟಾದರೆ ಪೊಲೀಸ್ ಸ್ಟೇಷನ್ನಿಗೆ ಹೋಗಲೇಬೇಕು. ಹೊಸಪೇಟೆಯ ಕ್ಯಾಶ್‌ಲೆಸ್ ವರ್ಕ್‌ಶಾಪಿಗೆ, ಅಂದ್ರೆ ಕಂಪನಿಯೇ ತನ್ನ ಪಾಲಿನ ಬಿಲ್ಲನ್ನ ನೇರವಾಗಿ ಕೊಡುವ ಕಡೆ, ಗಾಡಿ ಬಿಟ್ಟೆ. ಕಂಪನಿಯವರು ವಿಡಿಯೋ ಕಾಲ್‌ನಲ್ಲೇ ನೋಡಿದರು. ಆರ್‌ಸಿ, ಲೈಸೆನ್ಸ್ ಕೇಳಿದರು. ಎರಡೂ ಡಿಜಿಲಾಕರ್‌ನಲ್ಲಿ ಇದ್ದವು. ಬಿಲ್ಲು 8,140 ಆಯಿತು. ಕಡ್ಡಾಯ ಪಾಲು 1,000, ಅಂಟಿಗೆ 420, ನಾನು ಕೊಟ್ಟಿದ್ದು ಒಟ್ಟು 1,420. ಅಂಟು, ಎಣ್ಣೆ, ನಟ್ಟು ಬೋಲ್ಟು ಇಂಥ ಖರ್ಚಿಗೆ ಬೇರೆಯೇ ಆಡ್‌-ಆನ್ ಬೇಕು. ರಬ್ಬರ್ ಬೀಡಿಂಗ್‌ಗೆ ಝೀರೋ ಡೆಪ್ ಇದ್ದದ್ದರಿಂದ ಪೂರ್ತಿ ಸಿಕ್ಕಿತು.

ಯಾರಿಗಾದರೂ ಕ್ಲೇಮ್ ಸರಿಯಾದ ಕಾರಣ ಇಲ್ಲದೆ ತಿರಸ್ಕಾರ ಆದರೆ ಬಾಯಿಮಾತಲ್ಲಿ ಜಗಳ ಬೇಡ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ವೆಬ್‌ಸೈಟಿನಲ್ಲೂ ದೂರು ಹಾಕಬಹುದು. ಕಂಪನಿ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ ಇಂಥ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಆಂಬುಡ್ಸ್‌ಮನ್ ಇದ್ದಾರೆ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಗಾಜಿನ ಕಥೆ ಕೇಳಿದ ಮೇಲೆ ನಮ್ಮ ಜೊತೆ ಬರುವ ಟೀಚರೊಬ್ಬರು ಮನೆಯ ಹಳೆ ಕಾರಿನ ಪಾಲಿಸಿ ತಂದು ನನ್ನ ಮುಂದಿಟ್ಟರು. "ನಮ್ಮ ಮನಿಯವರು ಐತಿ ಅಂತಾರ, ನೋಡ್ರಿ ಸರ." ನೋಡಿದರೆ ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತು. 90 ದಿನ ದಾಟಿದ್ದರಿಂದ ಇದ್ದ 45% ಬೋನಸ್ಸೂ ಹೋಗಿತ್ತು. ಅವತ್ತು ಸಂಜೆಯೇ ಅವರ ಮನೆಯವರಿಗೆ ಫೋನ್ ಮಾಡಿ ಗಾಡಿ ಹೊರಗೆ ತೆಗೆಯಬೇಡಿ ಅಂದೆ. ಅವಧಿ ಮುಗಿದ ಗಾಡಿಗೆ ಫುಲ್ ಇನ್ಶೂರೆನ್ಸ್ ಮಾಡುವ ಮೊದಲು ಕಂಪನಿಯವರು ಸಾಮಾನ್ಯವಾಗಿ ಗಾಡಿ ನೋಡುತ್ತಾರೆ. ಬಂದರು, ವಿಡಿಯೋ ಮಾಡಿಕೊಂಡರು, ಹಿಂದಿನ ಬಾಗಿಲಿನ ಹಳೆ ತಗ್ಗನ್ನ ಬರೆದುಕೊಂಡರು. ಅದಕ್ಕೆ ಮುಂದೆ ಕ್ಲೇಮ್ ಸಿಗಲ್ಲ ಅಂತಲೂ ಹೇಳಿದರು. ದುಡ್ಡು ಕಟ್ಟಿದ ಮೇಲೆ ಬಂದ ಪಾಲಿಸಿಯಲ್ಲಿ ಶುರುವಾಗುವ ತಾರೀಖು ಮರುದಿನದ್ದಿತ್ತು. ಅದನ್ನ ತೋರಿಸಿ, ಇವತ್ತು ಒಂದು ದಿನ ಗಾಡಿ ನಿಂತಲ್ಲೇ ಇರಲಿ ಅಂತ ಹೇಳಿ ಬಂದೆ.